ಅಂಚು ಕಟ್ಟಿದ ಬುಟ್ಟಿ

ಬುಟ್ಟಿ ಹೆಣೆದು ಮುಗಿಸಿದ್ದಕ್ಕೆ ಬೈಸಿಕೊಂಡವರು ಈ ಲೋಕದಲ್ಲಿ ಯಾರಾದರೂ ಇದ್ದರೆ ಅದು ಮೊಂಡಿಯ ಸೋದರತ್ತೆ ಒಬ್ಬಳೇ ಇರಬೇಕು.

"ಯಾರಮ್ಮ ಇದನ್ನ ಮುಗಿಸಿದ್ದು?" ಎಂದು ರೆಸಾರ್ಟಿನ ಮ್ಯಾನೇಜರ್ ಅಂಗಳದ ನಡುವೆ ನಿಂತು ಕೇಳಿದ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವನ ಹಾಗೆ ಬುಟ್ಟಿಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದ.

"ನಾನೇ ಕಣಪ್ಪ," ಎಂದಳು ಅತ್ತೆ. ಪಾಪ, ಹೊಗಳುತ್ತಾನೆ ಅಂದುಕೊಂಡಿದ್ದಳು. "ಅಂಚು ಹೇಗೆ ಕೂತಿದೆ, ನೋಡಿದ್ಯಾ?"

ಪಕ್ಕದಲ್ಲಿ ಕೂತಿದ್ದ ಮೊಂಡಿ, ಸುಮ್ಮನಿರು ಎಂದು ಅವಳ ಸೆರಗು ಜಗ್ಗಿದಳು. ಮೊಂಡಿ ಎಂಬುದು ಅವಳ ಹುಟ್ಟುಹೆಸರಲ್ಲ, ಈ ಅತ್ತೆಯೇ ಇಟ್ಟದ್ದು. ಬೆತ್ತ ಸೀಳುವುದನ್ನು ಕಲಿಯುವಾಗ ಬೆರಳು ಕುಯ್ದುಕೊಂಡರೂ ಜಾಗ ಬಿಟ್ಟೇಳದ ಹುಡುಗಿಯನ್ನು ಇನ್ನೇನೆಂದು ಕರೆಯುವುದು? ಈಗ ಆ ಹುಡುಗಿಗೆ ತಲೆ ನರೆತಿದೆ, ಮದುವೆ ವಯಸ್ಸಿನ ಮಗಳಿದ್ದಾಳೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಬೆತ್ತದ ಹೆಣಿಗೆ ಅವರ ಬುಡಕಟ್ಟಿನ ಹೆಂಗಸರ ಕೈಗೆ ಯಾವಾಗ ಬಂತೋ ಯಾರಿಗೂ ಗೊತ್ತಿಲ್ಲ. ಈ ಕಾಡು ಯಾರದ್ದು ಎಂದು ಕೇಳುವವರು ಹುಟ್ಟುವ ಮೊದಲೇ ಬಂದಿತ್ತು, ಅಷ್ಟು ಹೇಳಬಹುದು. ತೊರೆಯಾಚೆ ಅವರದೇ ಒಂದು ಶೆಡ್ಡಿತ್ತು. ದೂರದೂರದ ಪ್ರವಾಸಿಗಳು ಅಲ್ಲಿಗೆ ಬಂದು, ನೆಲದ ಮೇಲೆ ಕೂತು ಹೆಣೆಯಲು ಕಲಿತು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಪಕ್ಕದ ಕೋಣೆಯಲ್ಲೇ ಮಲಗೆದ್ದು, ತಾವು ಹೆಣೆದ ಸೊಟ್ಟ ಬುಟ್ಟಿಯನ್ನು ಹಸುಗೂಸಿನಂತೆ ಎತ್ತಿಕೊಂಡು ಹೋಗುತ್ತಿದ್ದರು. ಆಮೇಲೆ ಮುಖ್ಯರಸ್ತೆಯಲ್ಲಿ ಈ ರೆಸಾರ್ಟ್ ಎದ್ದಿತು. ಬಸ್ಸುಗಳೆಲ್ಲ ಇಲ್ಲೇ ನಿಂತವು. ಹೆಂಗಸರು ಶೆಡ್ಡಿನ ಬಾಗಿಲಲ್ಲಿ ನೊಣ ಹೊಡೆಯುತ್ತಾ ಕೂತರು.

ಮೊಂಡಿಯ ಮಗಳು ಪ್ರವಾಸಿಗಳ ಭಾಷೆ ಕಲಿತವಳು. ರೆಸಾರ್ಟಿನಲ್ಲಿ ಅವರ ಜೊತೆ ಮಾತಾಡುವುದೇ ಅವಳ ಕೆಲಸ. ಅಮ್ಮನಿಗೂ ಉಳಿದವರಿಗೂ ಇಲ್ಲಿ ಸಂಬಳ ಗೊತ್ತು ಮಾಡಿಸಿದವಳೂ ಅವಳೇ. "ನೆರಳಲ್ಲಿ ಕೂತು ಹೆಣೆದ್ರೆ ಆಯ್ತಮ್ಮ, ಇನ್ನೇನಿಲ್ಲ," ಅಂದಿದ್ದಳು. ಇನ್ನೇನಿಲ್ಲವಂತೆ! ಮೊದಲ ದಿನವೇ ತಲೆಗೆ ಕಟ್ಟಿಕೊಳ್ಳಲು ಗರಿಯ ಪಟ್ಟಿ ಕೊಟ್ಟರು. "ನಮ್ಮಜ್ಜಿ ಪುಕ್ಕ ಕಿತ್ತಿದ್ದು ಕೋಳಿ ಬೇಯಿಸೋಕೆ, ತಲೆಗೆ ಸಿಕ್ಕಿಸ್ಕೊಳ್ಳೋಕಲ್ಲ," ಎಂದು ಮೊಂಡಿ ಗೊಣಗಿದಳು. ಮಗಳ ಮುಖ ನೋಡಿ ಕಟ್ಟಿಕೊಂಡಳು.

ಗರಿಯನ್ನಾದರೂ ಸಹಿಸಬಹುದು. ಬುಟ್ಟಿಯ ಕತೆ ಕೇಳಿ. ಅರ್ಧ ಹೆಣೆದ ಬುಟ್ಟಿಯೇ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದಂತೆ. ಆದ್ದರಿಂದ ಯಾರೂ ಅರ್ಧ ದಾಟಬಾರದು. ಸಂಜೆ ಕೊನೆಯ ಬಸ್ಸು ಹೋದ ಮೇಲೆ ಬುಡದ ತನಕ ಬಿಚ್ಚಬೇಕು, ಮಾರನೆಯ ಬೆಳಿಗ್ಗೆ ಅದನ್ನೇ ಮತ್ತೆ ಶುರು ಮಾಡಬೇಕು. ಮುಗಿದ ಬುಟ್ಟಿ ಬೇಕೆನ್ನುವವರಿಗೆ ಒಳಗೆ ಅಂಗಡಿಯಿತ್ತು. ಅಲ್ಲಿನ ಸರಕು ಎಲ್ಲಿಂದಲೋ ಲಾರಿಯಲ್ಲಿ ಬರುತ್ತಿತ್ತು. ಎಲ್ಲ ಪ್ಲಾಸ್ಟಿಕ್ ಎಳೆ, ಒಂದೊಂದಕ್ಕೂ 'ಮೂಲನಿವಾಸಿ ಹೆಂಗಸರ ಕೈಹೆಣಿಗೆ' ಎಂಬ ಚೀಟಿ. ನಾಚಿಕೆ ಎನ್ನುವುದು ಬೇಡವೇ!

ಬಿಚ್ಚುವುದೆಂದರೆ ಅವರಲ್ಲಿ ಸಣ್ಣ ಮಾತಲ್ಲ. ಬಿಚ್ಚು ಎನ್ನುವ ಹಕ್ಕು ಹೆಣಿಗೆ ಕಲಿಸಿದವಳಿಗೆ ಮಾತ್ರ. ಅವಳು ಬೆರಳಾಡಿಸಿ ನೋಡುತ್ತಾಳೆ, ತಪ್ಪು ಸಿಕ್ಕರೆ ಒಂದು ಮಾತು ಹೇಳುತ್ತಾಳೆ, ಅದಕ್ಕೆ ಎದುರಾಡುವಂತಿಲ್ಲ. ಇಲ್ಲಿ ತಪ್ಪೇ ಇಲ್ಲದ್ದನ್ನು ಬಿಚ್ಚಿ ಬಿಚ್ಚಿ ಬೆತ್ತದ ಮೈಯೆಲ್ಲ ನಾರು ಎದ್ದಿತ್ತು. ಇದನ್ನೆಲ್ಲ ಮೊಂಡಿ ಮಗಳ ಕೆಲಸಕ್ಕೆ ಕುತ್ತು ಬರಬಾರದೆಂದು ಹಲ್ಲು ಕಚ್ಚಿ ಸಹಿಸಿಕೊಂಡಿದ್ದಳು.

ಅತ್ತೆಗೆ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಅರ್ಧ ಬಂತು ಎಂದು ದಿನವೂ ಮೊಂಡಿ ಮೊಣಕೈ ತಟ್ಟಿ ಹೇಳುತ್ತಿದ್ದಳು. ಇವತ್ತು ಯಾರೋ ಪ್ರವಾಸಿ ಹೆಂಗಸು ಫೋಟೋಗೆಂದು ಮೊಂಡಿಯನ್ನು ಅತ್ತ ಎಳೆದೊಯ್ದಿದ್ದಳು. ಅತ್ತೆಯ ಕೈ ತನ್ನ ಪಾಡಿಗೆ ತಾನು ಮುಂದೆ ಹೋಯಿತು, ಅಂಚನ್ನೂ ಕಟ್ಟಿಬಿಟ್ಟಿತು.

"ಇನ್ನೊಂದು ಬಸ್ಸು ಬರೋ ಹೊತ್ತಾಯ್ತು," ಎಂದ ಮ್ಯಾನೇಜರ್, ಬುಟ್ಟಿಯನ್ನು ಮೊಂಡಿಯ ಕೈಗೆ ತುರುಕಿ. "ಬೇಗ ಬಿಚ್ಚಿ ಅರ್ಧಕ್ಕೆ ತನ್ನಿ. ಅಜ್ಜಿ ನಾಳೆಯಿಂದ ಬರೋದು ಬೇಡ."

"ಬಿಚ್ಚೋದಾ?" ಅತ್ತೆ ಕೈ ಚಾಚಿ ಬುಟ್ಟಿಯನ್ನು ಇಸಿದುಕೊಂಡಳು. ಅಂಚಿನ ಸುತ್ತ ಹೆಬ್ಬೆರಳು ಓಡಿಸಿದಳು. ನಂಬಿಕೆ ಬರದೆ ಮತ್ತೊಂದು ಸುತ್ತು ಓಡಿಸಿದಳು. "ತಪ್ಪೆಲ್ಲಿದೆಯೇ, ಮೊಂಡಿ? ನನ್ನ ಕೈಗೆ ಸಿಕ್ತಾ ಇಲ್ವಲ್ಲೇ."

ಊರಿನ ಹೆಂಗಸರಿಗೆಲ್ಲ ಹೆಣಿಗೆ ಕಲಿಸಿದ ಬಾಯಿ ಅದು. ಅದರಲ್ಲಿ ಇಷ್ಟು ಸಣ್ಣ ದನಿಯನ್ನು ಮೊಂಡಿ ಎಂದೂ ಕೇಳಿರಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು.

"ಅಮ್ಮ, ಸುಮ್ನೆ ಬಿಚ್ಚಿಬಿಡು," ಎಂದು ಮಗಳು ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ನನ್ನ ಕೆಲಸ..."

"ನಿನ್ನ ಕೆಲಸ ನಂಗೆ ಗೊತ್ತು, ಮಗಳೇ. ನನ್ನ ಕೆಲಸ ಏನು ಅಂತ ಮರ್ತಿದ್ದೆ, ಈಗ ನೆನಪಾಯ್ತು."

ಬಸ್ಸು ಬಂದು ನಿಂತಿತು. ಪ್ರವಾಸಿಗಳು ಫೋನು ಎತ್ತಿ ಹಿಡಿದು ಸುತ್ತ ನೆರೆದರು. "ಅತ್ತೆ, ಬುಟ್ಟಿನ ಮಡಿಲಲ್ಲೇ ಇಟ್ಕೋ. ಯಾರು ಕೇಳಿದ್ರೂ ಕೊಡ್ಬೇಡ," ಎಂದು ಹೇಳಿ ಮೊಂಡಿ ತನ್ನ ಅರ್ಧ ಬುಟ್ಟಿಯನ್ನು ಮುಂದಕ್ಕೆಳೆದುಕೊಂಡು ಹೆಣೆಯತೊಡಗಿದಳು.

"ಏ, ಅರ್ಧ ದಾಟ್ತಲ್ಲೇ ಅತ್ತಿಗೆ!" ಎಂದು ಆಚೆ ಕೂತ ನಾದಿನಿ ಗಾಬರಿಯಾದಳು.

"ದಾಟ್ತು. ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ?"

ನಾದಿನಿ ಕಿಸಕ್ಕೆಂದಳು. ಅವಳ ಕೈಯೂ ಓಡಿತು. ಅವಳನ್ನು ನೋಡಿ ಇನ್ನೊಬ್ಬಳದು, ಆಮೇಲೆ ಎಲ್ಲರದೂ. ಬೆತ್ತ ನೀರಿಗೆ ಅದ್ದುವ ಸದ್ದು, ಎಳೆದು ಬಿಗಿಯುವ ಸದ್ದು.

ಮ್ಯಾನೇಜರ್ ಪ್ರವಾಸಿಗಳ ಕಡೆ ನಗುತ್ತಲೇ ಹಲ್ಲಿನ ಸಂದಿಯಲ್ಲಿ ಗದರಿದ. "ನಿಲ್ಸಮ್ಮ! ಸಂಬಳ ಕೊಡೋನು ನಾನು."

"ಹೌದು ಸಾರ್, ಸಂಬಳ ಕೊಡೋರು ನೀವು. ಹೆಣಿಗೆ ಕಲ್ಸಿದೋಳು ಇವಳು," ಎಂದಳು ಮೊಂಡಿ, ದನಿ ತಗ್ಗಿಸದೆ. "ಬಿಚ್ಚು ಅಂತ ಇವಳು ಹೇಳ್ಲಿ, ಕೈ ಮುಗಿದು ಬಿಚ್ತೀನಿ. ನೀವು ಹೇಳಿದ್ರೆ ಬಿಚ್ಚಲ್ಲ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ."

ಅವನು ಮಗಳತ್ತ ತಿರುಗಿದ. "ಇಲ್ಲಿಗೆ ಮುಗೀತು, ಊಟಕ್ಕೆ ನಡೀರಿ ಅಂತ ಇವರಿಗೆ ಹೇಳು."

ಮಗಳು ಅಜ್ಜಿಯ ಮಡಿಲಲ್ಲಿದ್ದ ಬುಟ್ಟಿಯನ್ನೊಮ್ಮೆ ನೋಡಿದಳು. ಮೊಂಡಿ ತಲೆಯೆತ್ತಲಿಲ್ಲ. ಅವಳ ಬೆರಳು ಅವಸರದಲ್ಲಿ ಅಂಚು ಕಟ್ಟುತ್ತಿತ್ತು. ಮಗಳ ಅನ್ನಕ್ಕೆ ತಾನೇ ಕಲ್ಲು ಹಾಕಿದೆನೇ ಎಂಬ ಸಂಕಟ ಒಳಗೇ ಹಿಂಡುತ್ತಿತ್ತು.

ಮಗಳು ಪ್ರವಾಸಿಗಳ ಭಾಷೆಯಲ್ಲಿ ಮಾತಾಡಿದಳು. ಊಟಕ್ಕೆ ನಡೀರಿ ಅನ್ನಲು ಅಷ್ಟು ಮಾತು ಬೇಕಾಗಿರಲಿಲ್ಲ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರನ ಮುಖ ಕಪ್ಪಿಟ್ಟಿತು.

"ಏನಂದ್ಯೇ?" ಎಂದಳು ಮೊಂಡಿ.

"ಇದ್ದದ್ದು ಇದ್ದ ಹಾಗೆ ಹೇಳ್ದೆ ಅಮ್ಮ. ದಿನಾ ಸಂಜೆ ಇವನ್ನ ಬಿಚ್ಚಿಸ್ತಾರೆ, ಒಳಗೆ ಮಾರೋದು ನೀವು ಹೆಣೆದಿದ್ದಲ್ಲ ಅಂತ. ನಿಜವಾದ ಹೆಣಿಗೆ ಬೇಕಾದೋರು ತೊರೆ ದಾಟಿ ಬನ್ನಿ, ನಾನೂ ಅಲ್ಲಿಗೇ ಹೊರಟೆ ಅಂತ." ಎದೆಯ ಮೇಲಿದ್ದ ರೆಸಾರ್ಟಿನ ಬಿಲ್ಲೆಯನ್ನು ಕಿತ್ತು ಮ್ಯಾನೇಜರನ ಕೈಗಿಟ್ಟಳು. "ನಡಿ ಅಜ್ಜಿ."

ಹೆಂಗಸರು ಗರಿಯ ಪಟ್ಟಿಗಳನ್ನು ಕಟ್ಟೆಯ ಮೇಲೆ ಗುಡ್ಡೆ ಹಾಕಿ, ತಮ್ಮ ತಮ್ಮ ಬುಟ್ಟಿ ಎತ್ತಿಕೊಂಡು ಹೊರಟರು. ಎಲ್ಲ ಪ್ರವಾಸಿಗಳೂ ಹಿಂದೆ ಬಂದರು ಎಂದರೆ ಸುಳ್ಳಾದೀತು. ಹೆಚ್ಚಿನವರು ಊಟದ ಮನೆಗೇ ಹೋದರು. ಬೆರಳೆಣಿಕೆಯವರು ತೊರೆ ದಾಟಿದರು, ಚಪ್ಪಲಿ ಕೈಯಲ್ಲಿ ಹಿಡಿದು. ಶೆಡ್ಡಿನ ತುಂಬ ಧೂಳು, ಜೇಡರ ಬಲೆ. ಮಗಳು ಸೆರಗು ಸಿಕ್ಕಿಸಿ ಗುಡಿಸಿದಳು, ಬಂದವರಲ್ಲೊಬ್ಬಳು ಚಾಪೆ ಕೊಡವಿದಳು. ನಾಳೆಯ ಗತಿಯೇನೋ ಯಾರಿಗೂ ತಿಳಿಯದು, ಆದರೂ ಯಾರ ಮುಖದಲ್ಲೂ ಅಳುಕಿರಲಿಲ್ಲ.

ಅತ್ತೆ ತನ್ನ ಹಳೆಯ ಮೂಲೆ ಹುಡುಕಿ ಕೂತಳು. "ಎಲ್ಲೇ ಮೊಂಡಿ, ನಿನ್ನದು ಕೊಡು ನೋಡೋಣ."

ಮೊಂಡಿ ಬುಟ್ಟಿಯನ್ನು ಕೈಗಿತ್ತಳು. ಮುದುಕಿಯ ಹೆಬ್ಬೆರಳು ಅಂಚಿನ ಮೇಲೆ ಸಾಗಿ ಒಂದು ಕಡೆ ನಿಂತಿತು. ಅಲ್ಲೇ ಒತ್ತಿ ನೋಡಿದಳು.

"ಯಾವ ರೈಲು ತಪ್ಪಿ ಹೋಗ್ತಿತ್ತೇ ನಿಂಗೆ, ಕತ್ತೆ? ಇಷ್ಟು ಸಡಿಲ ಬಿಟ್ಟಿದೀಯಲ್ಲ! ಬಿಚ್ಚು."

ಮುದುಕಿಯ ದನಿ ಮೊದಲಿನಷ್ಟೇ ಗಟ್ಟಿಯಾಗಿತ್ತು. ಮಗಳು ಪೊರಕೆ ಹಿಡಿದು ನಿಂತಲ್ಲೇ ನಕ್ಕುಬಿಟ್ಟಳು. ಮೊಂಡಿ ಕೈ ಮುಗಿದು ಕೂತು, ಬುಟ್ಟಿಯ ಅಂಚನ್ನು ಬಿಚ್ಚತೊಡಗಿದಳು.