ಬೀಳು ನೆಲದ ಮಾತುಕತೆ

ಹೊರದೇಶದ ಕಂಪನಿಗಳನ್ನು ನಮ್ಮ ದ್ವೀಪದೇಶ ವನುವಾಟುವಿಗೆ ಕರೆತರುವುದು ಲೈವಿಯಾಳ ಕೆಲಸ. ರಾಜಧಾನಿ ವಿಲಾದಲ್ಲಿ ಅದಕ್ಕೆಂದೇ ಒಂದು ಸರ್ಕಾರಿ ಕಚೇರಿ ಇತ್ತು. ಬಿಸಿಲು, ಗಾಳಿ, ಕೊಬ್ಬರಿ ಎಣ್ಣೆ, ಕಡಲಪಾಚಿ ಎಂದು ನಮ್ಮಲ್ಲಿರುವುದನ್ನೆಲ್ಲ ಎಣಿಸಿ, ಹೊಗೆ ಉಗುಳದ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಬಂದವರು ಎಳನೀರು ಕುಡಿದು, ಫೋಟೊ ಹಿಡಿದು ಹೋಗುತ್ತಿದ್ದರು. ತಿರುಗಿ ಬಂದವನು ಸೋಲಾರ್ ಕಂಪನಿಯೊಂದರ ಹೆನ್ರಿಕ್ ಎಂಬ ಎಂಜಿನಿಯರು ಒಬ್ಬನೇ. ಬಂದವನು ಆರಿಸಿಕೊಂಡದ್ದು ಲೈವಿಯಾಳ ತಾಯಿಯ ಊರಾದ ನಮ್ಮ ಊರನ್ನು.

ಅವಳ ಕಸಿವಿಸಿಗೆ ಕಾರಣ ಅದೇ. ದಾರಿಯುದ್ದಕ್ಕೂ ಟ್ರಕ್ಕಿನ ಕಿಟಕಿಯ ಗಾಜನ್ನು ಇಳಿಸುತ್ತಿದ್ದಳು, ಏರಿಸುತ್ತಿದ್ದಳು. “ಹುಷಾರಿಲ್ವಾ?” ಎಂದು ಹೆನ್ರಿಕ್ ಕೇಳಿದಾಗ “ರಸ್ತೆ ಸರಿಯಿಲ್ಲ” ಎಂದಳು. ರಸ್ತೆ ನುಣ್ಣಗೇ ಇತ್ತು. ಅವನ ಕಣ್ಣು ಬಿದ್ದಿದ್ದ ಕೊಲ್ಲಿಯ ಇಳಿಜಾರು ಅವಳ ಸೋದರಮಾವ ಕಲ್ಮೆಟ್‌ನದು. ಅವಳಪ್ಪ ಮೀನಿಗೆ ಹೋದವನು ಮರಳಿ ಬರದಿದ್ದಾಗ, ಕೊಬ್ಬರಿ ಒಣಗಿಸಿ ಮಾರಿ ಅವಳನ್ನು ಓದಿಸಿದವನು ಅದೇ ಮಾವ. ಈ ಸಂಗತಿಯನ್ನು ಅವಳು ಹೆನ್ರಿಕ್‌ಗೆ ಹೇಳಿರಲಿಲ್ಲ. ತಾನು ಯಾರನ್ನು ಕರೆದುಕೊಂಡು ಬರುತ್ತಿದ್ದೇನೆಂದು ಮಾವನಿಗೂ ಹೇಳಿರಲಿಲ್ಲ.

ಊರಿನ ಸಭೆ ಕೂಡುವ ನಕಮಾಲ್‌ನಲ್ಲಿ ಎಲ್ಲರೂ ಚಾಪೆ ಹಾಸಿ ಕೂತಿದ್ದೆವು. ಹೆನ್ರಿಕ್ ಆಕಾಶದಿಂದ ತೆಗೆದ ದೊಡ್ಡದೊಂದು ಚಿತ್ರವನ್ನು ಬಿಡಿಸಿಟ್ಟ.

“ಇಷ್ಟೂ ಖಾಲಿ ಜಾಗ. ಮನೆ ಇಲ್ಲ, ಬೆಳೆ ಇಲ್ಲ. ಇಲ್ಲಿ ಸೋಲಾರ್ ಫಲಕ ಹಾಕ್ತೀವಿ. ಮೋಡ ಕವಿದ ದಿನಕ್ಕೆ ಕೊಬ್ಬರಿ ಎಣ್ಣೇಲಿ ಓಡೋ ಎಂಜಿನ್ನು. ಕೊಬ್ಬರಿ ನಿಮ್ಮ ಹತ್ರಾನೇ ತಗೋತೀವಿ. ಸುತ್ತಲ ಊರಿಗೆಲ್ಲ ಕರೆಂಟು. ಎಪ್ಪತ್ತೈದು ವರ್ಷದ ಗುತ್ತಿಗೆ.”

ಲೈವಿಯಾ ಅದನ್ನು ನಮ್ಮ ಮಾತಿನಲ್ಲಿ ಹೇಳಿದಳು. ಊರಿನ ಯಜಮಾನ ಮನಾರೆವೊ ತೊಡೆ ತಟ್ಟಿ ನಕ್ಕ. “ನನ್ ಹೆಂಡ್ತಿ ಆಗ್ಲೇ ಫ್ರಿಜ್ ಇಡೋಕೆ ಮೂಲೆ ಗುಡಿಸಿಟ್ಟಿದಾಳೆ ಕಣಪ್ಪ!”

ಹಿಂದಿನ ಸಾಲಿನಿಂದ ಕಲ್ಮೆಟ್ ಎದ್ದು ನಿಂತ.

“ಖಾಲಿ ಅಂದೋನು ಯಾರು? ಉಂಡು ಮಲಗಿರೋನನ್ನ ನೋಡಿ ಸತ್ತೋಗಿದಾನೆ ಅಂತ ಗುಂಡಿ ತೋಡ್ತೀರಾ? ನಾನು ಬೀಳು ಬಿಟ್ಟಿದೀನಿ. ನೆಲ ಮಲಗಿದೆ, ಅಷ್ಟೆ. ಇನ್ನೆರಡು ಮಳೆಗಾಲ ಕಳೀಲಿ, ಹೆಗ್ಗೆಣಸಿಗೆ ನಾನೇ ಎಬ್ಬಿಸ್ತೀನಿ. ಎಪ್ಪತ್ತೈದು ವರ್ಷ ಫಲಕದ ಅಡಿ ಮಲಗಿಸಿದ್ರೆ ಅದಕ್ಕೆ ಏಳೋದೇ ಮರ್ತೋಗುತ್ತೆ.”

“ಏನಂದ್ರು?” ಎಂದ ಹೆನ್ರಿಕ್.

“ಮಣ್ಣಿನ ವಿಷಯ ಏನೋ ಕೇಳ್ತಿದಾರೆ,” ಎಂದಳು ಲೈವಿಯಾ.

ಕಲ್ಮೆಟ್ ಅವಳನ್ನೇ ನೋಡಿದ. “ನಾನು ಅಷ್ಟುದ್ದ ಮಾತಾಡ್ದೆ. ನೀನು ಇಷ್ಟೇ ಇಷ್ಟು ಹೇಳ್ದೆ. ಇಂಗ್ಲಿಷು ಅಷ್ಟು ಗಿಡ್ಡ ಭಾಷೇನಾ ಹುಡುಗಿ?”

ಜನ ಗೊಳ್ಳೆಂದರು. ಲೈವಿಯಾಳ ಕತ್ತಿನವರೆಗೂ ಬಿಸಿಯೇರಿತು. ಊಟಕ್ಕೆ ಬಿಡೋಣ ಎಂದು ಯಜಮಾನ ಹೇಳಿದ್ದೇ ಅವಳು ಎದ್ದು ಹೊರಗೆ ನಡೆದಳು.

ಹೊರಗೆ ಅವಳ ಚಿಕ್ಕಮ್ಮನ ಮಗಳು, ಊರಿನ ನರ್ಸು ರೋಸಲಿನ್, ಕಾದಿದ್ದಳು. ಲೈವಿಯಾಳ ಕೈ ಹಿಡಿದು ಆಸ್ಪತ್ರೆಯ ಕೋಣೆಗೆ ಎಳೆದುಕೊಂಡು ಹೋಗಿ, ಲಸಿಕೆ ತಣ್ಣಗಿಡುವ ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗೆ ಬರೀ ಸೆಕೆ.

“ಗ್ಯಾಸ್ ಮುಗಿದು ಯಾವ ಕಾಲ ಆಯ್ತೋ. ಲಸಿಕೆ ಅಷ್ಟೂ ಚೆಲ್ಲಿದೆ. ಹೋದ ತಿಂಗಳು ಎಸ್ತರ್ ಹೆರಿಗೆ ಮಾಡಿಸಿದ್ದು ಫೋನಿನ ಬೆಳಕಲ್ಲಿ. ಮಗು ತಿರುಗಿತ್ತು ಕಣೇ. ಮಧ್ಯದಲ್ಲಿ ಫೋನೂ ಸತ್ತೋಯ್ತು.”

“ಎಸ್ತರ್?”

“ಎಸ್ತರ್ ಉಳಿದ್ಲು.” ರೋಸಲಿನ್ ಪೆಟ್ಟಿಗೆಯ ಬಾಗಿಲನ್ನು ದಡಾರನೆ ಮುಚ್ಚಿದಳು. “ಮಾವಂಗೆ ನೆಲದ ಚಿಂತೆ. ನಿಂಗೆ ಮಾವನ ಚಿಂತೆ. ನೀನು ವಿಲಾದಲ್ಲಿ ಫ್ಯಾನ್ ಕೆಳಗೆ ಕೂತು ನ್ಯಾಯ ಹೇಳೋಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗು, ಸಾಕು.”

ಅಷ್ಟರಲ್ಲಿ ಕಚೇರಿಯ ಹಿರಿಯ ಅಧಿಕಾರಿಯ ಫೋನು ಬಂತು. “ಒಪ್ಪಿದ್ರಾ? ಏನು, ಇನ್ನೂ ಇಲ್ವಾ? ಸ್ಯಾಂಟೊ ದ್ವೀಪದೋರು ಕೈ ಚಾಚ್ಕೊಂಡು ನಿಂತಿದಾರಮ್ಮ. ಇವತ್ತು ಬಿಟ್ರೆ ಆ ಮನುಷ್ಯ ಅಲ್ಲಿಗೆ ಹಾರ್ತಾನೆ!”

ಲೈವಿಯಾ ಊಟ ಮಾಡಲಿಲ್ಲ. ಬಾಳೆಲೆಯಲ್ಲಿ ಬೆಂದ ಲಾಪ್‌ಲಾಪ್ ತುಂಡನ್ನು ಯಾರೋ ಕೊಟ್ಟರೆ ಕೈಯಲ್ಲೇ ಹಿಡಿದು ಕೊಲ್ಲಿಯ ಕಡೆಗೆ ನಡೆದಳು. ಇಳಿಜಾರಿನಲ್ಲಿ ಕಂಪನಿಯವರು ಹಿಂದಿನ ವಾರ ನೆಟ್ಟುಹೋಗಿದ್ದ ಕೆಂಪು ಗೂಟಗಳಿದ್ದವು. ಕಲ್ಮೆಟ್ ಆಗಲೇ ಅಲ್ಲಿದ್ದ. ಒಂದೊಂದು ಗೂಟಕ್ಕೂ ನಮೇಲೆ ಎಂಬ ಗಿಡದ ಗರಿ ಕಟ್ಟುತ್ತಿದ್ದ. ನಮೇಲೆ ಕಟ್ಟಿದ ಕಡೆ ಯಾರೂ ಕಾಲಿಡುವಂತಿಲ್ಲ, ಯಜಮಾನ ಕೂಡ.

“ಮಾವ, ಏನ್ ಮಾಡ್ತಿದೀರಾ? ರೋಸಲಿನ್ ಕೋಣೆ ನೋಡಿದೀರಾ ನೀವು?”

“ಎಸ್ತರ್ ಮಗೂನ ಹೂಳೋಕೆ ಮಣ್ಣು ಅಗೆದೋನು ನಾನೇ ಕಣೆ.” ಅವನು ಗಂಟು ಬಿಗಿದ. “ಬೆಳಕು ಬೇಡ ಅಂತ ನಾನೆಲ್ಲಿ ಅಂದೆ? ಕೂತ್ಕೋ.”

ಅವಳು ಕೂರಲಿಲ್ಲ. ಅತ್ತಿತ್ತ ತಿರುಗುತ್ತಲೇ ಇದ್ದಳು. ಅವನು ಹೇಳಿದ. ಅವನ ಅಜ್ಜ ಇದೇ ಕೊಲ್ಲಿಯನ್ನು ಒಬ್ಬ ಪರಂಗಿ ತೋಟಗಾರನಿಗೆ ಬಾಡಿಗೆಗೆ ಕೊಟ್ಟೆನೆಂದು ತಿಳಿದಿದ್ದ. ತೋಟಗಾರ ಕೊಂಡೆನೆಂದು ತಿಳಿದಿದ್ದ. ಕಲ್ಮೆಟ್‌ನ ಅಪ್ಪ ತನ್ನದೇ ನೆಲದಲ್ಲಿ ಕೂಲಿಗೆ ಕಾಯಿ ಸುಲಿದು ಸತ್ತ. ಸ್ವಾತಂತ್ರ್ಯ ಬಂದ ಮೇಲೆ ನೆಲವೆಲ್ಲ ಮೂಲದವರಿಗೆ ಮರಳಿದಾಗ, ಇನ್ನೂ ಮೀಸೆ ಬಲಿಯದ ಕಲ್ಮೆಟ್ ತೋಟಗಾರ ಹಾಕಿಸಿದ್ದ ತಂತಿಬೇಲಿಯನ್ನು ಬರಿಗೈಯಲ್ಲಿ ಕಿತ್ತಿದ್ದ.

“ಅಜ್ಜಂಗೂ ಆ ಪರಂಗಿಗೂ ಮಧ್ಯ ನಿಂತು ಮಾತು ದಾಟಿಸ್ದೋನೂ ನಮ್ಮೋನೇ,” ಎಂದ ಅವನು. “ಪಾಪ, ಒಳ್ಳೇನೇ. ಇಬ್ರಿಗೂ ಬೇಜಾರಾಗ್ದಂಗೆ ಹೇಳ್ದ.”

ಲೈವಿಯಾಳ ಕೈಯಲ್ಲಿದ್ದ ಲಾಪ್‌ಲಾಪ್ ಹಿಸುಕಿ ಬೆರಳ ಸಂದಿಯಿಂದ ಇಳಿಯುತ್ತಿತ್ತು. “ಹಾಗಾದ್ರೆ ಏನ್ ಮಾಡೋದು ಹೇಳಿ ಮಾವ. ಬರೀ ಗರಿ ಕಟ್ಟಿದ್ರೆ ದೀಪ ಹತ್ತುತ್ತಾ?”

ಅವನು ಗುಡ್ಡದ ಮೇಲುಭಾಗ ತೋರಿಸಿದ. ತೋಟಗಾರ ಬಿಟ್ಟುಹೋದ ಮುದಿ ತೆಂಗುಗಳು ಅಲ್ಲಿ ಕಾಯಿ ಬಿಡದೆ, ಚಂಡಮಾರುತಕ್ಕೆ ತಲೆ ಕಳೆದುಕೊಂಡು ನಿಂತಿದ್ದವು. “ಅದನ್ನ ತಗೊಳ್ಲಿ. ಫಲಕದ ಆಯಸ್ಸು ಎಷ್ಟೋ ಅಷ್ಟು ವರ್ಷ. ಎಪ್ಪತ್ತೈದು ಅಲ್ಲ.”

ಮಧ್ಯಾಹ್ನದ ಸಭೆಯಲ್ಲಿ ಲೈವಿಯಾ ಒಂದು ಮಾತನ್ನೂ ಚಿಕ್ಕದು ಮಾಡಲಿಲ್ಲ. ಕಲ್ಮೆಟ್ ಹೇಳಿದ್ದನ್ನೆಲ್ಲ, ಬೇಲಿ ಕಿತ್ತ ಕಥೆಯನ್ನೂ, ಹೆನ್ರಿಕ್‌ಗೆ ಹೇಳಿದಳು. ಕೊನೆಗೆ, “ಇವರು ನನ್ನ ಸೋದರಮಾವ,” ಎಂದಳು.

ಹೆನ್ರಿಕ್‌ನ ಮುಖ ಬಿಗಿಯಿತು. “ಇದನ್ನ ನೀವು ಮೊದಲೇ ಹೇಳ್ಬೇಕಿತ್ತು. ಬೆಳಗ್ಗಿಂದ ನಾನು ಯಾರ ಮಾತು ಕೇಳ್ತಿದೀನಿ, ಅವರದಾ ನಿಮ್ಮದಾ?” ಮರ ಕೀಳಿಸಲು, ತಂತಿ ಎಳೆಯಲು ಖರ್ಚು ಬಹಳ, ಕಂಪನಿಯನ್ನು ಕೇಳದೆ ಏನೂ ಹೇಳಲಾರೆ ಎಂದು ಚಿತ್ರವನ್ನು ಸುತ್ತಿಕೊಂಡು ಅವನು ಟ್ರಕ್ಕು ಹತ್ತಿದ. ಯಜಮಾನ ಮುಖ ತಿರುಗಿಸಿ ಕೂತ. ರೋಸಲಿನ್ ಆಸ್ಪತ್ರೆಯ ಬಾಗಿಲಲ್ಲಿ ನಿಂತೇ ಇದ್ದಳು, ಲೈವಿಯಾ ಕೈ ಬೀಸಿದರೂ ಕೈ ಎತ್ತಲಿಲ್ಲ.

ವಿಲಾಕ್ಕೆ ಮರಳಿದ ಮೇಲೆ ಕಚೇರಿಯವರು ಆ ಕೆಲಸದಿಂದ ಅವಳನ್ನು ತೆಗೆದು ಬೇರೊಂದು ಮೇಜಿಗೆ ಹಾಕಿದರು. ಕಂಪನಿಯಿಂದ ಸುದ್ದಿಯಿಲ್ಲ. ಅವಳಿಗೆ ಕೂತಲ್ಲಿ ಕೂರಲಾಗದು. ಮಾರುಕಟ್ಟೆಗೆ ಹೋಗಿ ಏನೂ ಕೊಳ್ಳದೆ ಬರುವಳು, ರೋಸಲಿನ್‌ಗೆ ಫೋನು ಹಚ್ಚಿ, ಅವಳು ಎತ್ತುವ ಮೊದಲೇ ತಾನೇ ಕತ್ತರಿಸುವಳು. ತಾನು ಮಾಡಿದ್ದು ಸರಿ ಎಂದು ಬೆಳಗ್ಗೆ ಅನಿಸಿದರೆ, ಮಧ್ಯಾಹ್ನದ ಹೊತ್ತಿಗೆ ಎಸ್ತರ್ ನೆನಪಾಗುವಳು.

ಕೆಸು ಕೀಳುವ ಕಾಲದಲ್ಲಿ ಒಂದು ದಿನ ಕಲ್ಮೆಟ್ ಕಾಗದ ಹಿಡಿದು ಬಸ್ಸಿಳಿದು ಕಚೇರಿಗೇ ಬಂದ. ಕಂಪನಿ ಮುದಿ ತೆಂಗಿನ ಜಾಗಕ್ಕೆ ಒಪ್ಪಿತ್ತು: ಅರ್ಧದಷ್ಟೇ ಫಲಕ, ಇಪ್ಪತ್ತೈದು ವರ್ಷ. ಕರಾರು ಓದಿ ಹೇಳಲು ಕಚೇರಿಯವರು ಊರಿಗೆ ಹೊಸ ಹುಡುಗನೊಬ್ಬನನ್ನು ಕಳಿಸಿದ್ದರು.

“ಅವನು ಹೇಳಿದ್ನಲ್ಲ ಮಾವ, ಮತ್ತೆ ನಾನ್ಯಾಕೆ?”

“ನೀನು ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ. ಅವನದ್ದು ಗೊತ್ತಾಗಲ್ಲ. ಓದು.”

ಕಚೇರಿಯ ಮೆಟ್ಟಿಲ ಮೇಲೆ ಕೂತು, ಒಳಗಿನಿಂದ ಅಧಿಕಾರಿ ನೋಡುತ್ತಿದ್ದರೂ, ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಏನೂ ತಪ್ಪು ಸಿಗಲಿಲ್ಲ. ಆದರೂ ನಂಬಿಕೆ ಬರದೆ ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಕಲ್ಮೆಟ್ ಗೋಡೆಗೆ ಒರಗಿ ನಿದ್ದೆ ಹೋಗಿದ್ದ.

ಮುದಿ ತೆಂಗುಗಳನ್ನು ನಾವೇ ಕಡಿದೆವು. ಕಾಂಡಗಳು ಮನೆಗಳಿಗೆ ಕಂಬವಾದವು. ಹೆನ್ರಿಕ್ ಬಂದು ಬಿಸಿಲಲ್ಲಿ ಸುಟ್ಟು ಕೆಂಪಗಾಗಿ, ನಮ್ಮ ಜೊತೆ ಬೇರು ಅರೆದು ಮಾಡಿದ ಕಾವಾ ಕುಡಿದು, ತುಟಿ ಮರಗಟ್ಟಿ ಮಾತಾಡಲಾಗದೆ ಕೂತ. ಮೊದಲ ತಂತಿ ಆಸ್ಪತ್ರೆಗೇ ಹೋಯಿತು.

ಆ ದಿನ ವಿಲಾದಲ್ಲಿ ಲೈವಿಯಾಳ ಫೋನು ಬಡಿದುಕೊಂಡಿತು. ಎತ್ತಿದರೆ ಮಾತಿಲ್ಲ, ಒಂದೇ ಸಮ ಗುಂಯ್ ಎಂಬ ಸದ್ದು.

“ಯಾರು? ರೋಸಲಿನ್ನಾ? ಏನೇ ಅದು?”

“ಪೆಟ್ಟಿಗೆ. ತಣ್ಣಗಾಗ್ತಿದೆ. ಕೇಳಿಸ್ಕೋ.”

ಇಬ್ಬರೂ ಕೇಳುತ್ತ ನಿಂತರು. ಲೈವಿಯಾಳ ಕಣ್ಣು ತುಂಬಿತು. ಆಮೇಲೆ ಕೇಳಿದಳು, “ಇನ್ನೂ ಸಿಟ್ಟಾ ನನ್ ಮೇಲೆ?”

“ಸಿಟ್ಟೇ. ಇಷ್ಟು ತಿಂಗಳು ಕಾಯ್ಸಿದ್ಯಲ್ಲ. ಭಾನುವಾರ ಬಾ. ಎಸ್ತರ್ ಮತ್ತೆ ಬಸುರಿ. ನಿನ್ನ ನೋಡ್ಬೇಕಂತೆ.”

“ಯಾಕಂತೆ?”

“ನಂಗೇನ್ ಗೊತ್ತು? ಅವಳನ್ನೇ ಕೇಳು.”

ಭಾನುವಾರದವರೆಗೆ ಲೈವಿಯಾಳಿಗೆ ತಡೆಯಲಾಗಲಿಲ್ಲ. ಶುಕ್ರವಾರವೇ ರಜೆ ಹಾಕಿ ಬಸ್ಸು ಹತ್ತಿದಳು.