ಕಾಶೀರಾಮ ಹಾಸಿದ ಹಳಿ

ಹಂಡೆಯ ನೀರಿಗೆ ಕೈ ಅದ್ದಿ ಬಿಸಿ ನೋಡಿದ ಹಣಮಂತಪ್ಪ ಸರಕ್ಕನೆ ಕೈ ಹಿಂದಕ್ಕೆ ತೆಗೆದ.

"ಇನ್ನೊಂದು ಬಿಂದಿಗಿ ತಣ್ಣೀರು ಹಾಕವಾ ವಿಶಾಖಾ. ನಿಮ್ಮಪ್ಪಗ ಇಷ್ಟು ಸುಡೋ ನೀರು ಸೇರೂದಿಲ್ಲ."

ಅಂದ ಮೇಲೆ ತಾನೇನು ಅಂದೆ ಎಂಬುದು ಅವನಿಗೆ ಹೊಳೆಯಿತು. ವಿಶಾಖಾ ಬಿಂದಿಗೆ ತಂದು ತಣ್ಣೀರು ಬೆರೆಸಿದಳು, ತಾನೂ ಕೈ ಅದ್ದಿ ನೋಡಿದಳು. "ಈಗ ಬರೋಬರಿ ಆತು ನೋಡ್ರಿ ಕಾಕಾ," ಎಂದಳು.

ವಿಶಾಖಾಳ ಅಪ್ಪ ಕಾಶೀರಾಮ ನಿನ್ನೆ ಮಧ್ಯಾಹ್ನ ಉಂಡು ಮಂಚದ ಮೇಲೆ ಅಡ್ಡಾದವನು ಏಳಲಿಲ್ಲ. ಎಪ್ಪತ್ತು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಭಾಲ್ಕಿಯಿಂದ ಕಮಲನಗರದ ಕಡೆಗೆ ಹೋಗುವ ರೈಲು ಹಳಿಯ ಮೇಲೆ, ಅದನ್ನು ಕಾಯುವ ಗ್ಯಾಂಗಮನ್ ಆಗಿ ನಡೆದವನು. ಅದೇ ಗ್ಯಾಂಗಿನಲ್ಲಿ ಅವನ ಪಕ್ಕದಲ್ಲಿ ನಡೆದವನು ಹಣಮಂತಪ್ಪ. ಕುರಿ ಕಾಯುವ ಮನೆತನದವನು, ಚಿಂತಾಕಿಯವನು; ಕಾಶೀರಾಮನೂ ಅದೇ ಊರಿನವನು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿ, ಒಂದೇ ವರ್ಷ ನಿವೃತ್ತರಾಗಿ, ಭಾಲ್ಕಿಯಲ್ಲೇ ಉಳಿದಿದ್ದರು.

ಸ್ನಾನವಾಯಿತು. ಬಿಳಿ ಬಟ್ಟೆ ಉಡಿಸಿ, ಬುದ್ಧನ ಮೂರ್ತಿಯ ಮುಂದೆ ಮಲಗಿಸಿದರು. ಔರಾದಿನಲ್ಲಿ ಟೀಚರ್ ಆಗಿರುವ ವಿಶಾಖಾ ಮೇಣದಬತ್ತಿ ಹಚ್ಚಿದಳು. ತಾಯಿ ಅಂಜನಾಬಾಯಿ ಗೋಡೆಗೆ ಒರಗಿ ಕೂತಿದ್ದಳು. ಅಳು ನಿಂತು ಮುಖ ಒಣಗಿತ್ತು.

ಅಷ್ಟರಲ್ಲಿ ಓಣಿಯಲ್ಲಿ ಒಂದು ವ್ಯಾನು ನಿಂತಿತು. ಏಳೆಂಟು ಜನ ಇಳಿದರು. ಮುಂದೆ ಬಂದವರು ಬಿಳಿ ಟೋಪಿಯ, ನರೆತ ಗಡ್ಡದ ನಿಜಾಮೋದ್ದೀನ. ಬೀದರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು. ಅವರ ಹಿಂದೆ ಪಾಲಿಟೆಕ್ನಿಕ್ಕಿನ ಮೇಷ್ಟ್ರು ಬಸವಕಿರಣ. ಹೂವಿಟ್ಟು, ತಲೆ ಬಾಗಿಸಿ, ನಿಜಾಮೋದ್ದೀನ ಅಲ್ಲೇ ನಿಂತು ಸುತ್ತ ಕಣ್ಣಾಡಿಸಿದರು.

"ಇಲ್ಲಿ ಹಣಮಂತಪ್ಪನವರು ಅಂದ್ರ ಯಾರ್ರಿ?"

ಹಣಮಂತಪ್ಪ ತಲೆ ಎತ್ತಿ ನೋಡಿದ.

* * *

ಮೂರು ವರ್ಷದ ಹಿಂದಿನ ಮಾತು. ಟೇಬಲ್ ಫ್ಯಾನಿನ ಮೋಟರ್ ಸುತ್ತಿಸಲು ಬೀದರಿಗೆ ಹೋದ ಕಾಶೀರಾಮ, ನಿಜಾಮೋದ್ದೀನರ ಅಂಗಡಿಯ ಅಟ್ಟದ ಮೇಲೆ ಒಂದು ರೈಲ್ವೆಯನ್ನೇ ಕಂಡು ಬಂದಿದ್ದ. ಕೋಣೆಯ ತುಂಬ ಪ್ಲೈವುಡ್ ಹಲಗೆ, ಅದರ ಮೇಲೆ ಬೆರಳಗಲದ ಹಳಿ, ಗೇಣುದ್ದದ ಇಂಜಿನ್ನು. ಊರಿನ ಹತ್ತು ಹನ್ನೆರಡು ಮಂದಿ ಕ್ಲಬ್ ಕಟ್ಟಿಕೊಂಡು ಭಾನುವಾರ ಅದನ್ನು ಓಡಿಸುತ್ತಿದ್ದರು. ಆ ಮಳೆಗಾಲ ತಗಡು ಸೋರಿ ಹಲಗೆ ಉಬ್ಬಿತ್ತು. ಹಳಿ ಕಿಲುಬು ಹಿಡಿದಿತ್ತು. ಕೆಳಗಿನ ತಂತಿಗಳನ್ನು ಇಲಿ ಕಡಿದಿದ್ದವು. ಕ್ಲಬ್ಬು ಮುಚ್ಚುವುದೇ ಎಂದು ಅವರೆಲ್ಲ ಕೂತು ಯೋಚಿಸುತ್ತಿದ್ದಾಗ ಕಾಶೀರಾಮ ಬಾಗಿಲಲ್ಲಿ ನಿಂತು, "ಮಳಿ ಅಷ್ಟೇ ಅಲ್ರಿ. ನೀವು ಹಳಿ ಹಳಿ ನಡುವ ಸಂದೇ ಬಿಟ್ಟಿಲ್ಲ. ಬ್ಯಾಸಗಿಗಿ ಅವು ಎದ್ದು ನಿಂತಾವ," ಎಂದಿದ್ದ. ಅಷ್ಟು ಹೇಳಿದವನನ್ನು ಅವರು ಬಿಡಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಗಾಡಿಗೆ ಬೀದರ, ಸಂಜೆಗೆ ವಾಪಸ್ಸು. ಹಣಮಂತಪ್ಪನನ್ನೂ ಒಮ್ಮೆ ಎಳೆದುಕೊಂಡು ಹೋಗಿದ್ದ. ಕ್ಲಬ್ಬಿನವರೆಲ್ಲ ಊಟಕ್ಕೆ ಹೋಗಿದ್ದರು. ಕಾಶೀರಾಮ ಹಲಗೆಯ ಕೆಳಗೆ ಅಂಗಾತ ಮಲಗಿ ತಂತಿಗೆ ಬೆಸುಗೆ ಹಾಕತೊಡಗಿದ. ಹಳಿಯ ಪ್ರತಿ ತುಂಡಿಗೂ ಬೇರೆ ಬೇರೆ ತಂತಿ, ಪ್ರತಿ ತಂತಿಗೂ ಒಂದು ಚೀಟಿ. ಚೀಟಿಯ ಮೇಲೆ ತಮ್ಮ ಗ್ಯಾಂಗಿನ ದಾರಿಯ ಕಂಬಗಳ ನಂಬರು.

"ಕರೆಂಟು ಎಲ್ಲಿ ನಿಂತದ ಅಂತ ಹುಡುಕೂದು ಬ್ಯಾಡ ನೋಡು ಹಣಮ್ಯಾ. ಚೀಟಿ ನೋಡಿದ್ರ ಆ ಕಂಬದ ಹತ್ರ ಹೋಗಿ ನಿಂತಂಗ."

ಹಣಮಂತಪ್ಪ ನಕ್ಕುಬಿಟ್ಟ. "ಮೂವತ್ತು ವರ್ಷ ಸುತ್ತಿಗಿ ಹೊಡದ ಕೈಲೆ ಈಗ ಆಟದ ಸಾಮಾನು ಮಾಡ್ಲಿಕತ್ತಿಯೇನ್ಲೇ?"

ಕಾಶೀರಾಮನೂ ನಕ್ಕ. "ತಡಿ, ನಿನಗ ಒಂದು ತೋರಸೂದದ," ಎಂದು ಹಲಗೆಯ ಕೆಳಗಿಂದ ಹೊರಬರುವಷ್ಟರಲ್ಲಿ ಹಣಮಂತಪ್ಪ ಮೆಟ್ಟಿಲಿಳಿದಿದ್ದ. ಬಸ್ಸಿಗೆ ಹೊತ್ತಾಯಿತೆಂದ. ಮುಂದೆ ಎಷ್ಟು ಸಲ ಕರೆದರೂ ಒಂದಲ್ಲ ಒಂದು ನೆಪ ಹೇಳಿದ.

ಹಣಮಂತಪ್ಪನ ಆ ನಗೆಯೊಳಗೆ ಒಂದು ಹಳೆಯ ಮುಳ್ಳು ಇತ್ತು.

* * *

ಮೂವತ್ತು ವರ್ಷದ ಕೆಳಗೆ, ಮಾಘದ ಒಂದು ಚಳಿಯ ಮುಂಜಾನೆ. ಇಬ್ಬರೂ ಹಳಿ ನೋಡುತ್ತ ಹೊರಟಿದ್ದರು. ತಿರುವಿನ ಹತ್ತಿರ ಹಣಮಂತಪ್ಪ ಸುತ್ತಿಗೆಯಿಂದ ಹಳಿಗೆ ಬಡಿದವನು ನಿಂತುಬಿಟ್ಟ. ಹಳಿಯ ದನಿ ಒಡೆದಿತ್ತು. ಇಬ್ಬನಿ ಒರೆಸಿ ನೋಡಿದರೆ ಕೂದಲೆಳೆಯ ಬಿರುಕು, ಇನ್ನೊಮ್ಮೆ ಬಡಿಯುತ್ತಲೇ ಬಾಯಿ ಬಿಟ್ಟಿತು. ಪ್ಯಾಸೆಂಜರು ಬರುವ ಹೊತ್ತು.

"ನೀ ಓಡು ಕಾಶ್ಯಾ, ನಿನ್ನ ಕಾಲು ಚುರುಕದಾವ. ನಾ ಇಲ್ಲಿ ನಿಂದರ್ತೇನಿ."

ಕಾಶೀರಾಮ ಕೆಂಪು ಬಾವುಟ ಹಿಡಿದು ಓಡಿದ. ಗಾಡಿ ನಿಂತಿತು. ಡ್ರೈವರು ತನ್ನೆದುರು ಓಡಿ ಬಂದವನ ಹೆಸರು ಕೇಳಿ ಬರೆದುಕೊಂಡ. ಎರಡು ತಿಂಗಳಿಗೆ ಪ್ರಶಸ್ತಿಪತ್ರ ಬಂತು, ಒಂದೇ ಹೆಸರಿಗೆ. ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವಾಗ ಕಾಶೀರಾಮ ಬಾಯಿ ತೆರೆದ, ಮುಚ್ಚಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಹಣಮಂತಪ್ಪ. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಚಹಾ ನಿಲ್ಲಲಿಲ್ಲ, ಮದುವೆ ಹಬ್ಬಕ್ಕೆ ಹೋಗಿಬರುವುದು ನಿಲ್ಲಲಿಲ್ಲ. ಆ ಒಂದು ಮಾತು ಮಾತ್ರ ನಿಂತುಹೋಯಿತು.

* * *

"ನಾನೇ ರಿ," ಎಂದ ಹಣಮಂತಪ್ಪ.

ನಿಜಾಮೋದ್ದೀನ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡರು. "ಅರೆ, ನಿಮ್ಮನ್ನ ನೋಡಬೇಕಂತ ನಮಗ ಎಷ್ಟು ದಿನದ್ದು ಆಸಿ ಇತ್ತು! ಎಂಟು ತಿಂಗಳು ಕಾಶೀರಾಮ್ ಭಾಯಿ ನಮ್ಮ ಅಟ್ಟದ ಮ್ಯಾಗ ಮೊಣಕಾಲೂರಿ ಕೆಲಸ ಮಾಡ್ಯಾರ. ಹಳೀ ಅಷ್ಟೂ ಕಿತ್ತು ಹೊಸದಾಗಿ ಹಾಸ್ಯಾರ. ತಂತಿ ಒಂದೊಂದೂ ಬದಲ ಮಾಡ್ಯಾರ. ಮೊದಲನೇ ಸಲ ಗಾಡಿ ಬಿಡೋ ದಿನ ನಾವು, ಬಟನ್ ನೀವೇ ಒತ್ತಬೇಕು ಅಂದ್ವಿ. ಅವರು ಒತ್ತಲಿಲ್ಲ."

"ಯಾಕ್ರಿ?" ಎಂದಳು ವಿಶಾಖಾ.

ಉತ್ತರ ಕೊಟ್ಟವರು ಬಸವಕಿರಣ. "ಮೊದಲ ಒಂದು ಮಾತು ಹೇಳ್ತೇನಿ ಅಂದ್ರು. 'ನನಗ ಒಂದು ಸರ್ಟಿಫಿಕೇಟ್ ಸಿಕ್ಕದ, ಅದು ನಂದಲ್ಲ. ಬಿರುಕು ಕೇಳಿದ ಕಿವಿ ಹಣಮಂತಪ್ಪಂದು. ನಾ ಬರೇ ಓಡಿದವ,' ಅಂದ್ರು. ಹಲಗಿ ಮ್ಯಾಗಿನ ತಿರುವಿಗೆ ಒಂದು ಕಡ್ಡಿಯಷ್ಟು ಬೋರ್ಡು ಮೊದಲೇ ತಾವೇ ನೆಟ್ಟಿದ್ರು. ಹಣಮಂತಪ್ಪನ ತಿರುವು ಅಂತ ಬರದಾರ. ನಾವು ಎಲ್ರೂ ಈಗ ಹಾಂಗೇ ಕರೀತೀವಿ."

ಹಣಮಂತಪ್ಪ ಹೊಸ್ತಿಲ ಮೇಲೆ ಕೂತ. ಅಂದು ತೋರಿಸಬೇಕೆಂದದ್ದು ಇದನ್ನೇ. ಮೆಟ್ಟಿಲು ಇಳಿಯದೆ ಒಂದು ನಿಮಿಷ ನಿಂತಿದ್ದರೆ!

ಅಂಜನಾಬಾಯಿ ಮೊದಲ ಸಲ ಬಾಯಿ ಬಿಟ್ಟಳು. "ಅಣ್ಣಾ, ನಾ ಎಷ್ಟು ಸಲ ಹೇಳಿನಿ, ಬೀದರದವ್ರಿಗೆಲ್ಲ ಹೇಳ್ತೀರಿ, ಹೋಗಿ ಅವರಿಗೇ ಹೇಳ್ರಿ ಅಂತ. ನಾಚಿಕಿ ಬರ್ತದ ಅಂಜನಾ ಅಂತಿದ್ರು. ಹಣಮ್ಯಾ ಅಲ್ಲಿಗಿ ಬಂದು ನೋಡ್ಲಿ, ಬಾಯಿಲೆ ಹೇಳೋದು ತಪ್ತದ ಅಂತಿದ್ರು."

"ನಾನೇ ಹೋಗ್ಲಿಲ್ಲ ವೈನಿ."

"ಅವರಿಗಿ ಸಿಟ್ಟಿರಲಿಲ್ಲ. ಬರ್ತಾನ, ಇವತ್ತಿಲ್ಲ ನಾಳಿ ಬರ್ತಾನ ಅಂತಿದ್ರು."

ಹಣಮಂತಪ್ಪ ಗೆಳೆಯನ ಕಾಲ ಬಳಿ ಹೋಗಿ ಆ ಪಾದಗಳನ್ನು ಹಿಡಿದುಕೊಂಡ. ಹಿಮ್ಮಡಿಯ ಬಿರುಕುಗಳು ಕಲ್ಲಿನಷ್ಟು ಗಟ್ಟಿಯಾಗಿದ್ದವು. "ಓಡಿದ್ದು ಸಣ್ಣದೇನೋ ಕಾಶ್ಯಾ?" ಎಂದ. "ಆ ಚಳಿಯಾಗ ಓಡದಿದ್ರ ನನ್ನ ಕಿವಿ ತಗೊಂಡು ಏನು ಮಾಡ್ಬೇಕಿತ್ತು? ಎಷ್ಟು ಮಂದಿ ಮನಿ ಮುಟ್ಟ್ಯಾರೋ ಅವತ್ತು, ನಿನ್ನ ಕಾಲಿನಿಂದ."

ನಿಜಾಮೋದ್ದೀನ ಮೆಲ್ಲಗೆ ಅಂದರು, "ಹೇಳ್ಯಾರ್ರಿ ಅವರು. ನಾ ಇಲ್ಲದಾಗ ಹಳಿ ಸಪ್ಪಳ ಬದಲಾದ್ರ ಹಣಮಂತಪ್ಪನ್ನ ಕರೀರಿ ಅಂತ. ಬರ್ತೀರೇನ್ರಿ?"

"ಐತವಾರ ಬರ್ತೇನ್ರಿ," ಎಂದ ಹಣಮಂತಪ್ಪ. "ಮುಂಜಾನಿ ಗಾಡಿಗಿ."

ಊರ ಹೊರಗಿನ ಜಾಗದಲ್ಲಿ ಕಾಶೀರಾಮನನ್ನು ಗುಂಡಿಗೆ ಇಳಿಸಿದ ಮೇಲೆ ಹಿರಿಯರೊಬ್ಬರು ಬೌದ್ಧರ ತ್ರಿಸರಣ, ಪಂಚಶೀಲ ಹೇಳಿಕೊಟ್ಟರು, ಎಲ್ಲರೂ ಹೇಳಿದರು. ನಿಜಾಮೋದ್ದೀನ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಚಿಂತಾಕಿಯಿಂದ ಬಂದ ನೆಂಟರು ಸಲಿಕೆ ಹಿಡಿದು ಮಣ್ಣು ಎಳೆಯತೊಡಗಿದರು.

"ತಡೀರಿ," ಎಂದು ಹಣಮಂತಪ್ಪ ಚಪ್ಪಲಿ ಬಿಟ್ಟು ಮುಂದೆ ಬಂದ. "ಒಮ್ಮಿಗೇ ಸುರದ್ರ ಒಳಗ ಪೊಳ್ಳು ಉಳೀತದ. ಮಳಿಗಿ ಕುಸೀತದ."

ಅವನು ಎಡಕ್ಕೊಂದು ಪುಟ್ಟಿ, ಬಲಕ್ಕೊಂದು ಪುಟ್ಟಿ ಹಾಕಿಸಿದ. ಪ್ರತಿ ಪದರನ್ನೂ ಸಲಿಕೆಯ ಹಿಡಿಯಿಂದ ಜಡಿದ. ಯಾರೂ ಅವಸರ ಮಾಡಲಿಲ್ಲ. ಬಿಸಿಲಲ್ಲೇ ನಿಂತು ನೋಡಿದರು. ಮಣ್ಣು ದಿಬ್ಬವಾಗಿ ಏರಿದ ಮೇಲೆ ಅವನು ತಲೆಯ ಕಡೆ ಹೋಗಿ, ರುಮಾಲು ತೆಗೆದಿಟ್ಟು, ಗ್ಯಾಂಗಿನಲ್ಲಿ ಹಳಿಯ ಮಟ್ಟ ನೋಡುತ್ತಿದ್ದ ಹಾಗೆ ಕೆನ್ನೆ ನೆಲಕ್ಕೆ ತಾಗುವಂತೆ ಮಲಗಿ, ಒಂದು ಕಣ್ಣು ಮುಚ್ಚಿ ದಿಬ್ಬದ ಉದ್ದಕ್ಕೂ ನೋಡಿದ. ಕಾಲಿನ ಹತ್ತಿರ ಒಂದು ಕಡೆ ಬೆರಳಷ್ಟು ತಗ್ಗಿತ್ತು. ಎದ್ದು ಹೋಗಿ ಒಂದು ಬೊಗಸೆ ಮಣ್ಣು ತಂದು ಅಲ್ಲಿಟ್ಟು, ಅಂಗೈಯಿಂದ ಸವರಿ, ಮತ್ತೆ ಬಂದು ಮಲಗಿ ನೋಡಿದ.