ಗಾಜಿನ ಬಾಟಲಿ

ಗುಂಡಿಯೊಳಕ್ಕೆ ಬಗ್ಗಿದ್ದ ಮಾದೇಶನ ಕೈಯನ್ನು ಸುನಂದಮ್ಮ ಗಬಕ್ಕನೆ ಹಿಡಿದಳು. ಅವನ ಮುಷ್ಟಿಯಲ್ಲಿ ಒಂದು ಕ್ವಾರ್ಟರ್ ಬ್ರಾಂದಿ ಇತ್ತು.

“ಏನ್ಲಾ ಇದು?”

“ಬುಡಕ್ಕಾ. ಸತ್ತೋರ್ಗೆ ಇಷ್ಟವಾಗಿದ್ದನ್ನ ಜೊತೇಲಿ ಮಡಗಿ ಕಳಿಸ್ಬೇಕು. ನಮ್ಮಪ್ಪನ ಗುಂಡೀಗೂ ಮಡಗಿದ್ವಲ್ಲ, ನಿನ್ ತಮ್ಮನೇ ತಂದ್ಕೊಟ್ಟಿದ್ದ.”

“ಅದು ಆವಾಗ. ಎಂಟು ವರ್ಷದಿಂದ ಚೆಲುವರಾಜು ಒಂದ್ ತೊಟ್ಟು ಮುಟ್ಟಿಲ್ಲ ಕಣ್ಲಾ. ತಗಿ ಆಚೆಗೆ!”

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಕುಡೀದೇ ಇದ್ರೆ ಈ ವಯಸ್ಗೆ ಸಾಯ್ತಿದ್ನಾ?” ಎಂದು ಹಿಂದಿನಿಂದ ಯಾರೋ ಅಂದದ್ದು ಎಲ್ಲರಿಗೂ ಕೇಳಿಸಿತು.

“ಕಿಡ್ನಿ ಓಯ್ತು ಕಣ್ರಪ್ಪಾ,” ಎಂದಳು ಸುನಂದಮ್ಮ. “ಅವನ್ನ ಉಳ್ಸಿದ್ ಮಾತ್ರೇನೇ ವರ್ಷವರ್ಷಕ್ಕೂ ಕಿಡ್ನಿ ತಿಂತು. ಈಲಿ, ಅದೇ ಲಿವರ್ರು, ಕಡೇಗಂಟ ಚೆನ್ನಾಗೇ ಇತ್ತು ಅಂತ ಡಾಕ್ಟ್ರೇ ಯೋಳುದ್ರು. ನಾನ್ ಕೊಟ್ಟಿದ್ದು ಅದು, ನಂಗೊತ್ತಿಲ್ವಾ?”

“ಆಯ್ತು ಬುಡವ್ವ,” ಎಂದ ಹಿರಿಯ ಕೆಂಪಯ್ಯ. ನಂಬಿದವನ ದನಿ ಅದಾಗಿರಲಿಲ್ಲ. ಮಾದೇಶ ಬಾಟಲಿಯನ್ನು ಜೇಬಿಗಿಳಿಸಿದ.

*

ಎಂಟು ವರ್ಷದ ಹಿಂದೆ ಚೆಲುವರಾಜುವಿನ ಹೊಟ್ಟೆಯಲ್ಲಿ ನೀರು ತುಂಬಿ ಕಣ್ಣು ಅರಿಸಿನವಾಗಿತ್ತು. ಅವನ ಕುಡಿತ ತಾಳದೆ ಹೆಂಡತಿ ಆಗಲೇ ಭೇರ್ಯದ ತವರು ಸೇರಿದ್ದಳು. ಮದ್ರಾಸಿನ ಆಸ್ಪತ್ರೆಗೆ ಕರೆದೊಯ್ದವಳು ಅಕ್ಕ. ತನ್ನ ಈಲಿಯಲ್ಲೊಂದು ಭಾಗ ಕೊಯ್ಯಿಸಿ ಕೊಟ್ಟವಳೂ ಅಕ್ಕನೇ. ಅದನ್ನು ಅವನ ಮೈ ತಳ್ಳಿಹಾಕದಂತೆ ದಿನವೂ ಮಾತ್ರೆ ನುಂಗಬೇಕಿತ್ತು.

ಆಮೇಲೆ ಅವನು ಕುಡಿಯಲಿಲ್ಲ. ಪುಣ್ಯಾತ್ಮ ಅವನೇನೋ ಕುಡಿತ ಬಿಟ್ಟ, ಊರು ಅವನನ್ನು ಬಿಟ್ಟಿತು. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಅವನ ಸೈಕಲ್ ಶಾಪಿನ ಮುಂದೆ ಸಂಜೆ ಸೇರುತ್ತಿದ್ದ ಮಾದೇಶ ಮತ್ತವನ ಸಂಗಡಿಗರು ಬೇರೆ ಜಾಗ ನೋಡಿಕೊಂಡರು. ಬೀಗರೂಟಗಳಲ್ಲಿ ಅವನು ಒಬ್ಬನೇ ಮೂಲೆಯಲ್ಲಿ ಕೂತು ಉಂಡು, ಯಾರೂ ತಡೆಯದೆ ಎದ್ದು ಬರುತ್ತಿದ್ದ.

ಕಾಯಿಸಿದ ನೀರನ್ನೇ ಕುಡಿಯಬೇಕೆಂದು ಡಾಕ್ಟರು ಹೇಳಿದ್ದರು. ಅದನ್ನು ಗಾಜಿನ ಬಾಟಲಿಯಲ್ಲಿ ಒಯ್ಯುತ್ತಿದ್ದ. ಗಾಜಾದರೆ ಒಳಗಿರುವುದು ಎಲ್ಲರಿಗೂ ಕಾಣುತ್ತದೆಂಬುದು ಅವನ ಲೆಕ್ಕ. ಪಾಪ, ಆಗಿನ್ನೂ ಪ್ಯಾಕೆಟ್ ಸಾರಾಯಿಯ ಕಾಲ. ಅದೂ ನೀರಿನ ಹಾಗೇ ಕಾಣುತ್ತದಲ್ಲ!

ಅದಕ್ಕೇ ಸಂಜೆ ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆದು ಅಕ್ಕನ ಮುಂದೆ ಹಿಡಿಯುತ್ತಿದ್ದ. ಅವಳು ಮೂಸುತ್ತಿದ್ದಳು. ಒಂದು ದಿನ ಅವಳಿಗೇ ಸಂಕಟವಾಗಿ, “ಬುಡು ರಾಜು, ನಂಬ್ತೀನಿ,” ಎಂದಳು.

“ಮೂಸಕ್ಕಾ,” ಎಂದ ಅವನು. “ನೀನೂ ನೋಡ್ದಿದ್ರೆ ಇನ್ಯಾರ್ಗೆ ತೋರುಸ್ಲಿ?”

*

“ಬಾಯ್ಗೆ ನೀರು ಬುಡೋರು ಬನ್ರಪ್ಪಾ,” ಎಂದು ಕೆಂಪಯ್ಯ ಕೂಗಿದ.

ಗುಂಡಿಯ ಪಕ್ಕ ಚಟ್ಟದ ಮೇಲೆ ಚೆಲುವರಾಜು ಮಲಗಿದ್ದ. ಸುನಂದಮ್ಮ ಸೆರಗಿನ ಮರೆಯಿಂದ ಅವನ ಬಾಟಲಿ ತೆಗೆದಳು. ಬೆಳಿಗ್ಗೆಯೇ ನೀರು ಕಾಯಿಸಿ, ಆರಿಸಿ, ತುಂಬಿ ತಂದಿದ್ದಳು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ನನ್ ತಮ್ಮ ಕುಡೀತಿದ್ದುದ್ದು ಇದು. ಎಲ್ರೂ ಇದ್ನೇ ಬುಡಿ.”

ತಲೆಯ ಹತ್ತಿರ ಕೂತು ಮುಚ್ಚಳ ತಿರುಗಿಸಿದಳು. ಕೈ ತನ್ನಷ್ಟಕ್ಕೆ ಬಾಟಲಿಯನ್ನು ಅವಳ ಮೂಗಿನ ಬಳಿಗೆ ಒಯ್ದಿತು. ಒಮ್ಮೆ ಮೂಸಿದಳು.

ಮೂಸಿದ ಮೇಲೆ ಅರಿವಾಯಿತು. ತಲೆ ಎತ್ತಿದರೆ ಊರೆಲ್ಲ ಅವಳನ್ನೇ ನೋಡುತ್ತಿತ್ತು. “ಅಯ್ಯೋ ನನ್ನಪ್ಪಾ, ಎಂಥ ಕೆಲ್ಸ ಮಾಡ್ಬುಟ್ಟೆ,” ಎಂದು ತಮ್ಮನ ಕೆನ್ನೆ ಸವರಿ, ನೀರು ಬಿಟ್ಟಳು. ಮುಚ್ಚಿದ ತುಟಿಯಿಂದ ಅದು ಗದ್ದಕ್ಕೆ ಇಳಿಯಿತು.

ಮುಂದಿನವನು ಕೆಂಪಯ್ಯ. ಅಕ್ಕ ಮಾಡಿದ್ದನ್ನು ಕಂಡು, ಅವರ ಮನೆಯಲ್ಲಿ ಹಾಗೊಂದು ಪದ್ಧತಿ ಇರಬೇಕೆಂದುಕೊಂಡನೋ ಏನೋ, ಬಾಟಲಿಯನ್ನು ಮೂಸಿ, ನೀರು ಬಿಟ್ಟ. ಅವನ ಹಿಂದಿನವನೂ ಮೂಸಿದ. ಅವನ ಹಿಂದಿನವಳೂ ಮೂಸಿದಳು. ಸುನಂದಮ್ಮ ಬೇಡವೆಂದು ಕೈ ಚಾಚುವಷ್ಟರಲ್ಲಿ ಬಾಟಲಿ ಮುಂದಿನವರ ಕೈಗೆ ಹೋಗಿತ್ತು. ಸಾಲು ಹಾಗೇ ಸರಿಯಿತು.

ಕೊನೆಗೆ ಮಾದೇಶ ಬಂದ. ಬಾಟಲಿ ಇಸಿದುಕೊಂಡು ಸುನಂದಮ್ಮನ ಮುಖ ನೋಡಿದ. ಕೈಯನ್ನು ಮೂಗಿನಿಂದ ದೂರ, ಆದಷ್ಟೂ ದೂರ ಚಾಚಿ, ಉಳಿದಿದ್ದ ನೀರನ್ನೆಲ್ಲ ಗೆಳೆಯನ ತುಟಿಗೆ ಬಿಟ್ಟ.